ಫ್ಲೈಟ್ ಸಿಮ್ಯುಲೇಟರಿನ ಹಳೇ ವರ್ಷನ್‌ಗೆ ವಾಪಸ್ ಹೋಗುವ ಮುನ್ನ ಗೊತ್ತಿರಬೇಕಾದದ್ದು

ಅಪ್‌ಡೇಟ್ ಆದ ಮಾರನೇ ದಿನ ಸಿಮ್ಯುಲೇಟರ್ ಕೈಕೊಡುವುದು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಈ ಹವ್ಯಾಸ ಇರುವವರಿಗೆಲ್ಲ ಗೊತ್ತಿರುವ ಸಂಕಟ. ನಿನ್ನೆವರೆಗೆ ಚೆನ್ನಾಗಿದ್ದ ಕಾಕ್‌ಪಿಟ್ಟಿನ ಸ್ಕ್ರೀನುಗಳು ಇವತ್ತು ಕಪ್ಪಾಗಿರುತ್ತವೆ. ಇಲ್ಲವೇ ಗಂಟೆಗಟ್ಟಲೆ ಹಾರಿಸಿ, ಇನ್ನೇನು ರನ್‌ವೇ ಕಾಣಿಸಿತು ಅನ್ನುವಾಗ ಎಲ್ಲ ಮುಚ್ಚಿಹೋಗಿ ಡೆಸ್ಕ್‌ಟಾಪ್ ಎದುರಿಗೆ ಬರುತ್ತದೆ. ಆಗ ಯಾರಿಗಾದರೂ ಅನ್ನಿಸುವುದು ಒಂದೇ: ಹಳೇ ವರ್ಷನ್ನೇ ಚೆನ್ನಾಗಿತ್ತು, ಅದನ್ನೇ ವಾಪಸ್ ಹಾಕಿಬಿಡೋಣ.

ಹಾಗೆ ಅನ್ನಿಸುವುದರಲ್ಲಿ ತಪ್ಪಿಲ್ಲ. ಕೆಲವು ಸಿಮ್‌ಗಳಲ್ಲಿ ಅದು ಹತ್ತು ನಿಮಿಷದ ಕೆಲಸ. ಕೆಲವದರಲ್ಲಿ ಅರ್ಧ ದಿನ ಹಿಡಿಯುತ್ತದೆ. ಇನ್ನು ಕೆಲವದರಲ್ಲಿ ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಈ ವ್ಯತ್ಯಾಸ ಯಾಕೆ ಅಂತ ಗೊತ್ತಾದರೆ, ಸುಮ್ನೆ ಇಡೀ ಸಿಮ್ ಅಳಿಸಿ ಮತ್ತೆ ಅಷ್ಟೂ ಜಿಬಿ ಇಳಿಸಿಕೊಳ್ಳುವ ಪಾಡು ತಪ್ಪುತ್ತದೆ. ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು: ಹಿಂದಕ್ಕೆ ಹೋಗಲು ಆಗುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಅಪ್‌ಡೇಟ್ ಹಾಕುವ ಮುಂಚೆಯೇ ತೀರ್ಮಾನವಾಗಿಬಿಟ್ಟಿರುತ್ತದೆ.

ಒಂದು ಸಿಮ್, ಹಲವು ಪದರ

ಮೊನ್ನೆ ಸರಿಯಾಗಿ ಓಡುತ್ತಿದ್ದ ಸಿಮ್‌ನಲ್ಲಿ ಏನೇನಿತ್ತು ಅಂತ ಸ್ವಲ್ಪ ಬಿಡಿಸಿ ನೋಡೋಣ. ಮುಖ್ಯ ಪ್ರೋಗ್ರಾಂ ಒಂದು ಪದರ. ನೆಲದ ಚಿತ್ರ, ಬೆಟ್ಟಗುಡ್ಡಗಳ ಎತ್ತರ, ವಿಮಾನ ನಿಲ್ದಾಣಗಳ ನಕ್ಷೆ, ಇವೆಲ್ಲ ಸೇರಿ ಇನ್ನೊಂದು. ನೀವು ಕೂತು ಮಾಡಿಕೊಂಡ ಸೆಟ್ಟಿಂಗುಗಳು, ಜಾಯ್‌ಸ್ಟಿಕ್ಕಿನ ಯಾವ ಬಟನ್ ಯಾವ ಕೆಲಸಕ್ಕೆ ಅನ್ನುವ ಹೊಂದಾಣಿಕೆ ಮತ್ತೊಂದು. ಆಮೇಲೆ ದುಡ್ಡು ಕೊಟ್ಟೋ ಉಚಿತವಾಗಿಯೋ ತಂದು ಸೇರಿಸಿದ ವಿಮಾನಗಳು, ಸೀನರಿಗಳು, ಪ್ಲಗಿನ್‌ಗಳು. ಸಿಮ್ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಳ್ಳುವ ಕ್ಯಾಷ್ ಫೈಲುಗಳು. ಎಲ್ಲದರ ಕೆಳಗೆ ಗ್ರಾಫಿಕ್ಸ್ ಡ್ರೈವರ್ ಮತ್ತು ವಿಂಡೋಸ್. ಈಗಿನ ಕೆಲವು ಸಿಮ್‌ಗಳಲ್ಲಿ ಇಷ್ಟೂ ಸಾಲದೆಂಬಂತೆ ದೂರದಲ್ಲೆಲ್ಲೋ ಇರುವ ಸರ್ವರ್ ಕೂಡ ಒಂದು ಪದರ.

ಈ ಪದರಗಳು ಒಂದನ್ನೊಂದು ನಂಬಿಕೊಂಡಿವೆ. ಅದರಲ್ಲೂ ಹೀಗೆ ಹೊರಗಿಂದ ತಂದು ಸೇರಿಸಿದ ಆಡ್-ಆನ್ ವಿಮಾನಕ್ಕೂ ಸಿಮ್‌ಗೂ ಇರುವ ನಂಟು ತುಂಬ ಬಿಗಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರನ್ನೇ ತೆಗೆದುಕೊಳ್ಳಿ. ಅದಕ್ಕಾಗಿ ಮಾಡಿದ ದೊಡ್ಡ ಏರ್‌ಲೈನರ್‌ನ ಸಿಸ್ಟಮ್‌ಗಳ ಕೋಡ್ ಸಾಮಾನ್ಯವಾಗಿ ವೆಬ್‌ಅಸೆಂಬ್ಲಿ ರೂಪದಲ್ಲಿ ಸಿಮ್‌ನ ಒಳಗೇ ಓಡುತ್ತದೆ. ಕಾಕ್‌ಪಿಟ್ಟಿನ ಎಷ್ಟೋ ಡಿಸ್‌ಪ್ಲೇಗಳು ವೆಬ್ ಪುಟಗಳ ಹಾಗೆ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿರುವಂಥವು. ರೆಕ್ಕೆ ಎಷ್ಟು ಎತ್ತುತ್ತದೆ, ಎಂಜಿನ್ ಎಷ್ಟು ಬೇಗ ಓಗೊಡುತ್ತದೆ ಅನ್ನುವುದೆಲ್ಲ ಕೆಲವು ಫೈಲುಗಳಲ್ಲಿ ಸಂಖ್ಯೆಗಳಾಗಿ ಕೂತಿರುತ್ತವೆ. ಆ ಸಂಖ್ಯೆಗಳನ್ನು ಓದಿ ಲೆಕ್ಕ ಹಾಕುವುದು ಸಿಮ್‌ನ ಭೌತಶಾಸ್ತ್ರದ ಭಾಗ.

ಈಗ ಸಿಮ್ ತಯಾರಕರು ಚಕ್ರ ಮತ್ತು ನೆಲದ ನಡುವಿನ ಘರ್ಷಣೆಯ ಲೆಕ್ಕ ಬದಲಾಯಿಸಿದರು ಅಂದುಕೊಳ್ಳಿ. ವಿಮಾನದ ಫೈಲಿನಲ್ಲಿರುವ ಸಂಖ್ಯೆಗಳು ಹಾಗೇ ಇದ್ದರೂ ಟ್ಯಾಕ್ಸಿ ಮಾಡುವಾಗ ವಿಮಾನ ಬೇರೆ ಥರ ನಡೆದುಕೊಳ್ಳುತ್ತದೆ. ವಿಮಾನ ಮಾಡಿದವರು ಅದನ್ನು ಗಮನಿಸಿ ತಮ್ಮ ಸಂಖ್ಯೆಗಳನ್ನು ಹೊಸ ಲೆಕ್ಕಕ್ಕೆ ಸರಿಹೊಂದಿಸಿ ತಮ್ಮದೂ ಒಂದು ಅಪ್‌ಡೇಟ್ ಬಿಡುತ್ತಾರೆ. ಅಲ್ಲಿಗೆ ಆ ವಿಮಾನ ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದ ಹಾಗೆ. ಬೇರೆ ಮೈಗೆ ಹಾಕಿದರೆ ಎಲ್ಲೋ ಒಂದು ಕಡೆ ಹಿಡಿಯುತ್ತದೆ. ನೀವು ಸಿಮ್ ಒಂದನ್ನೇ ಹಿಂದಕ್ಕೆ ಒಯ್ದು ವಿಮಾನವನ್ನು ಹೊಸದೇ ಇಟ್ಟುಕೊಂಡರೆ ತೊಂದರೆ ಮುಗಿಯುವುದಿಲ್ಲ, ಬರೀ ರೂಪ ಬದಲಾಯಿಸುತ್ತದೆ.

ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ ಬಳಸುವವರಿಗೆ ಇದರ ದೊಡ್ಡ ಉದಾಹರಣೆ 2020ರಲ್ಲೇ ಸಿಕ್ಕಿತ್ತು. 11.50 ವರ್ಷನ್‌ನಲ್ಲಿ ಚಿತ್ರ ಬಿಡಿಸುವ ಕೆಲಸವನ್ನು ಓಪನ್‌ಜಿಎಲ್ ಅನ್ನುವ ಹಳೇ ಗ್ರಾಫಿಕ್ಸ್ ಪದ್ಧತಿಯ ಬದಲು ಹೊಸ ವಲ್ಕನ್‌ನಲ್ಲಿ, ಮ್ಯಾಕ್‌ನಲ್ಲಾದರೆ ಮೆಟಲ್‌ನಲ್ಲಿ ಮಾಡಿಸುವ ಆಯ್ಕೆ ತಂದರು. ಫ್ರೇಮುಗಳು ಎಷ್ಟೋ ನಯವಾದವು. ಆದರೆ ಆ ಆಯ್ಕೆ ಹಾಕಿಕೊಂಡರೆ, ಅಲ್ಲಿಯವರೆಗೆ ಸಿಮ್‌ನ ದೃಶ್ಯದೊಳಕ್ಕೆ ತಾವೇ ನೇರವಾಗಿ ಚಿತ್ರ ಬರೆಯುತ್ತಿದ್ದ ಕೆಲವು ಪ್ಲಗಿನ್‌ಗಳ ದಾರಿ ಮುಚ್ಚಿತು. ಅವುಗಳನ್ನು ಮಾಡಿದವರು ಹೊಸ ರೀತಿಯಲ್ಲಿ ಮತ್ತೆ ಬರೆಯಬೇಕಾಯಿತು. ಅಡ್ಡಿ ಎರಡೂ ಕಡೆಗೆ ಇದೆ. ಹೊಸ ಪ್ಲಗಿನ್ ಕಿಟ್ ಬಳಸಿ ಮಾಡಿದ ಪ್ಲಗಿನ್, ತನಗೆ ಬೇಕಾದ ಸೌಲಭ್ಯ ಹಳೇ ಸಿಮ್‌ನಲ್ಲಿ ಇಲ್ಲದಿದ್ದರೆ ಲೋಡ್ ಆಗುವುದೇ ಇಲ್ಲ. ಎಕ್ಸ್-ಪ್ಲೇನ್ 12ರ ಜೊತೆ ಬರುವ ವಿಮಾನ ವಿನ್ಯಾಸದ ಪ್ರೋಗ್ರಾಂ ಪ್ಲೇನ್ ಮೇಕರ್‌ನಲ್ಲಿ ಸೇವ್ ಮಾಡಿದ ವಿಮಾನವನ್ನು 11 ಓದುವುದಿಲ್ಲ. ಹೊಸದು ಹಳೆಯದನ್ನು ಓದುತ್ತದೆ, ಹಳೆಯದಕ್ಕೆ ಹೊಸದು ಅರ್ಥವಾಗುವುದಿಲ್ಲ. ಹಿಂದಕ್ಕೆ ಹೋಗುವಾಗ ಎದುರಾಗುವ ಹೆಚ್ಚಿನ ಅಡ್ಡಿಗಳ ಮೂಲ ಇದೇ.

ತಪ್ಪು ಸಿಮ್‌ನದ್ದೇ ಹೌದಾ?

ಅಪ್‌ಡೇಟ್ ಆದ ವಾರದಲ್ಲೇ ತೊಂದರೆ ಶುರುವಾದರೆ ಬೆರಳು ಸಿಮ್ ಕಡೆಗೇ ಹೋಗುತ್ತದೆ. ಆದರೆ ಅದೇ ವಾರ ಗ್ರಾಫಿಕ್ಸ್ ಡ್ರೈವರ್ ಕೂಡ ಬದಲಾಗಿರಬಹುದು. ವಿಂಡೋಸ್ ತಾನಾಗೇ ಏನೋ ಹಾಕಿಕೊಂಡಿರಬಹುದು. ಒಂದು ಹಳೇ ಆಡ್-ಆನ್ ಹೊಸ ಸಿಮ್ ಜೊತೆ ಜಗಳವಾಡುತ್ತಿರಬಹುದು. ಹಿಂದಕ್ಕೆ ಹೋಗುವ ಮೊದಲು ಇದನ್ನು ಬೇರ್ಪಡಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಅಷ್ಟೂ ಕೆಲಸ ದಂಡ.

ಸಿಮ್ ಹಠಾತ್ತನೆ ಮುಚ್ಚಿಹೋದರೆ ಮೊದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಕೆಳಗೆ ಅಪ್ಲಿಕೇಶನ್ ಅನ್ನುವ ಪಟ್ಟಿಯಲ್ಲಿ, ಸಿಮ್ ಬಿದ್ದ ಅದೇ ನಿಮಿಷದ ಎದುರು ಕೆಂಪು ಗುರುತಿನ ಸಾಲು ಇರುತ್ತದೆ. ಅದನ್ನು ಒತ್ತಿದರೆ ಕೆಳಗೆ ವಿವರ ಬರುತ್ತದೆ. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್ ನೇಮ್' ಅಂತ ಒಂದು ಸಾಲಿದೆ. ಬಿದ್ದದ್ದು ಯಾವ ಫೈಲಿನೊಳಗೆ ಅಂತ ಅದು ಹೇಳುತ್ತದೆ. ಅಲ್ಲಿ 'ಎನ್‌ವಿ' ಅಂತ ಶುರುವಾಗುವ ಡಿಎಲ್‌ಎಲ್ ಫೈಲಿನ ಹೆಸರಿದ್ದರೆ ಎನ್‌ವಿಡಿಯಾ ಡ್ರೈವರ್ ಮೇಲೆ ಕಣ್ಣಿಡಬೇಕು. ಸಿಮ್‌ನ ಹೆಸರೇ ಇದ್ದರೆ ಖಚಿತವಾಗಿ ಏನೂ ಹೇಳಿದಂತಾಗಲಿಲ್ಲ. ಯಾಕೆಂದರೆ ಆಡ್-ಆನ್ ಮಾಡಿದ ತಪ್ಪಿಗೂ ಸಿಮ್ ತಾನೇ ಬೀಳುತ್ತದೆ. ಎಕ್ಸ್-ಪ್ಲೇನ್‌ನಲ್ಲಾದರೆ ಇನ್ನೂ ಸುಲಭ. ಸಿಮ್ ಫೋಲ್ಡರಿನಲ್ಲೇ ಲಾಗ್ ಅನ್ನುವ ಟೆಕ್ಸ್ಟ್ ಫೈಲ್ ಇರುತ್ತದೆ. ಅದರ ಕೊನೆಯ ಕೆಲವು ಸಾಲುಗಳಲ್ಲಿ, ಬೀಳುವ ಹೊತ್ತಿಗೆ ಯಾವ ಪ್ಲಗಿನ್ ಅಥವಾ ಯಾವ ಸೀನರಿ ಲೋಡ್ ಆಗುತ್ತಿತ್ತು ಅಂತ ಬಹಳ ಸಲ ಸಿಕ್ಕಿಬಿಡುತ್ತದೆ.

ಆಮೇಲಿನ ಪರೀಕ್ಷೆ ಆಡ್-ಆನ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡುವುದು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಆಡ್-ಆನ್‌ಗಳನ್ನು ಹಾಕುವ ಕಮ್ಯೂನಿಟಿ ಫೋಲ್ಡರಿನ ಹೆಸರು ಬದಲಾಯಿಸಿ, ಅದೇ ಜಾಗದಲ್ಲಿ ಖಾಲಿ ಕಮ್ಯೂನಿಟಿ ಫೋಲ್ಡರ್ ಇಟ್ಟರೆ ಸಾಕು. ಏನನ್ನೂ ಅಳಿಸಬೇಕಾಗಿಲ್ಲ. ಎಕ್ಸ್-ಪ್ಲೇನ್‌ನಲ್ಲಿ ರಿಸೋರ್ಸಸ್ ಒಳಗಿನ ಪ್ಲಗಿನ್ಸ್ ಫೋಲ್ಡರಿಂದ ನೀವು ಸೇರಿಸಿದವುಗಳನ್ನು, ಜೊತೆಗೆ ಕಸ್ಟಮ್ ಸೀನರಿ ಫೋಲ್ಡರಿಂದ ನಿಮ್ಮ ಸೀನರಿಗಳನ್ನು ಹೊರಗೆ ತೆಗೆದಿಡಿ. ಸಿಮ್ ಜೊತೆಗೇ ಬಂದ ಒಂದು ಸರಳ ವಿಮಾನ ಹಿಡಿದು ಹಾರಿಸಿ. ತೊಂದರೆ ಮಾಯವಾಯಿತಾ? ಹಾಗಾದರೆ ಸಿಮ್ ಹಿಂದಕ್ಕೆ ಹೋಗುವ ಅಗತ್ಯವೇ ಇಲ್ಲ. ಆಡ್-ಆನ್‌ಗಳನ್ನು ಅರ್ಧರ್ಧ ಭಾಗ ಮಾಡಿ ವಾಪಸ್ ಹಾಕುತ್ತಾ ಬನ್ನಿ. ನಲವತ್ತು ಆಡ್-ಆನ್ ಇದ್ದರೂ ಐದಾರು ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತಾನೆ.

ಡ್ರೈವರ್ ಮೇಲೆ ಅನುಮಾನ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪ್ರಾಪರ್ಟೀಸ್ ತೆರೆದು 'ರೋಲ್ ಬ್ಯಾಕ್ ಡ್ರೈವರ್' ಒತ್ತಬಹುದು. ಆ ಬಟನ್ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲ ಅಂತ ಅರ್ಥ. ಆಗ ಕಾರ್ಡ್ ತಯಾರಕರ ತಾಣದಿಂದಲೇ ಹಳೇ ಡ್ರೈವರ್ ಇಳಿಸಿಕೊಳ್ಳಬಹುದು. ಸಿಮ್ ಹಿಂದಕ್ಕೆ ಒಯ್ಯುವುದಕ್ಕಿಂತ ಇದು ಎಷ್ಟೋ ಕಮ್ಮಿ ಕೆಲಸ. ಅದಕ್ಕೇ ಇದನ್ನು ಮೊದಲು ಮಾಡಿ ಅನ್ನುತ್ತೇನೆ.

ಯಾವ ಸಿಮ್‌ನಲ್ಲಿ ದಾರಿ ಎಷ್ಟು ತೆರೆದಿದೆ

ಎಕ್ಸ್-ಪ್ಲೇನ್ ಈ ವಿಷಯದಲ್ಲಿ ಬಹಳ ಉದಾರಿ. ಇಡೀ ಸಿಮ್ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಪ್ರೋಗ್ರಾಂ, ಸೀನರಿ, ವಿಮಾನ, ಸೆಟ್ಟಿಂಗು ಎಲ್ಲ ಅದರೊಳಗೇ. ಆ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದರೆ ಆ ಕಾಪಿಯೂ ಓಡುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ವರ್ಷನ್ ಪಕ್ಕಪಕ್ಕದಲ್ಲೇ ಇರಬಹುದು. ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ವರ್ಷನ್, ನೋಡಬೇಕೆನ್ನುವವರು ಒಂದು ಕಾಪಿ ಮಾಡಿಕೊಂಡು ಅದರ ಮೇಲೆ ಬೀಟಾ ಹಾಕಿ ಅಂತ ಅದನ್ನು ಮಾಡುವ ಲ್ಯಾಮಿನಾರ್ ರಿಸರ್ಚ್‌ನವರೇ ಹೇಳುತ್ತಾರೆ. ಕಾಪಿ ಮಾಡದೇ ಬೀಟಾ ಹಾಕಿಕೊಂಡಿದ್ದರೂ ಒಂದು ದಾರಿ ಇದೆ. ಇನ್‌ಸ್ಟಾಲರ್ ಮತ್ತೆ ನಡೆಸಿ, ಬೀಟಾಗಳನ್ನೂ ಹುಡುಕು ಅನ್ನುವ ಗುರುತು ತೆಗೆದರೆ ಅದು ಕೊನೆಯ ಸ್ಥಿರ ವರ್ಷನ್‌ಗೆ ತಂದು ನಿಲ್ಲಿಸುತ್ತದೆ. ಬದಲಾದ ಫೈಲುಗಳನ್ನಷ್ಟೇ ಇಳಿಸುವುದರಿಂದ ಬೇಗ ಮುಗಿಯುತ್ತದೆ. ಆದರೆ ಅದಕ್ಕೂ ಹಿಂದಿನ, ಅಂದರೆ ಎರಡು ಮೂರು ಅಪ್‌ಡೇಟ್ ಕೆಳಗಿನ ವರ್ಷನ್ ಬೇಕೆಂದರೆ ಇನ್‌ಸ್ಟಾಲರ್ ಪಟ್ಟಿ ತೋರಿಸಿ ಆರಿಸಿಕೋ ಅನ್ನುವುದಿಲ್ಲ. ಆಗ ನಿಮ್ಮ ಕಾಪಿಯೇ ಗತಿ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡವರಿಗೆ ಸಿಮ್‌ನ ಪ್ರಾಪರ್ಟೀಸ್‌ನಲ್ಲಿ ಬೀಟಾಸ್ ಅನ್ನುವ ಪುಟ ಇದೆ. ತಯಾರಕರು ಅಲ್ಲಿ ಹಳೇ ವರ್ಷನ್ನಿನ ಶಾಖೆ ಬಿಟ್ಟಿದ್ದರೆ ಅದನ್ನು ಆರಿಸಿದೊಡನೆ ಸ್ಟೀಮ್ ತಾನೇ ಹಿಂದಕ್ಕೆ ಒಯ್ಯುತ್ತದೆ. ಬಿಟ್ಟಿದ್ದರೆ ಮಾತ್ರ. ಪುಟದ ಹೆಸರು ಬೀಟಾಸ್ ಆದ್ದರಿಂದ ಹಳೇ ವರ್ಷನ್ ಹುಡುಕುವವರು ಅಲ್ಲಿಗೆ ಇಣುಕುವುದೇ ಇಲ್ಲ. ಇಣುಕಿ ನೋಡಿ.

ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್ಡ್, ಬಳಕೆದಾರರ ಬಾಯಲ್ಲಿ ಪಿ3ಡಿ, ಬೇರೆ ಥರ ಕಟ್ಟಿರುವ ಸಿಮ್. ಅದರ ಕ್ಲೈಂಟ್ (ಅಂದರೆ ಮುಖ್ಯ ಪ್ರೋಗ್ರಾಂ), ಕಂಟೆಂಟ್, ಸೀನರಿ ಮೂರೂ ಬೇರೆ ಬೇರೆ ಇನ್‌ಸ್ಟಾಲರ್‌ಗಳು. ಇದು ಹಿಂದಕ್ಕೆ ಹೋಗುವವರಿಗೆ ದೊಡ್ಡ ಅನುಕೂಲ. ತೊಂದರೆ ಬಹುತೇಕ ಕ್ಲೈಂಟ್‌ನಲ್ಲೇ ಇರುವುದರಿಂದ ಅದೊಂದನ್ನೇ ತೆಗೆದು ಹಳೇ ಕ್ಲೈಂಟ್ ಹಾಕಬಹುದು. ಉಳಿದ ಎರಡನ್ನು ಮುಟ್ಟಬೇಕಿಲ್ಲ. ಲೈಸೆನ್ಸನ್ನು ಮೊದಲು ಡಿಆಕ್ಟಿವೇಟ್ ಮಾಡುವುದು ಮರೆಯಬಾರದು. ಹಾಕಿದ ಮೇಲೆ ಶೇಡರ್ಸ್ ಫೋಲ್ಡರ್ ಖಾಲಿ ಮಾಡಿ, ಮುಖ್ಯ ಕಾನ್ಫಿಗ್ ಫೈಲನ್ನು ಬೇರೆಡೆಗೆ ಸರಿಸಿ. ಸಿಮ್ ಹೊಸದಾಗಿ ಬರೆದುಕೊಳ್ಳುತ್ತದೆ. ಅದೇ ಪಿ3ಡಿಯ 4, 5ರಂಥ ದೊಡ್ಡ ವರ್ಷನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಪ್ರೋಗ್ರಾಂಗಳಿದ್ದ ಹಾಗೆ. 2017ರ 4ನೇ ವರ್ಷನ್‌ನಲ್ಲಿ ಸಿಮ್ 64 ಬಿಟ್‌ಗೆ ಬಂತು, 2020ರ 5ರಲ್ಲಿ ಡೈರೆಕ್ಟ್‌ಎಕ್ಸ್ 12 ಬಂತು. ಲೈಸೆನ್ಸ್ ಬೇರೆ, ಫೋಲ್ಡರ್ ಬೇರೆ. ಎರಡನ್ನೂ ಇಟ್ಟುಕೊಂಡವರಿಗೆ ಹಿಂದಕ್ಕೆ ಹೋಗುವ ಮಾತೇ ಬರುವುದಿಲ್ಲ.

ಫ್ಲೈಟ್‌ಗಿಯರ್ ಮುಕ್ತ ತಂತ್ರಾಂಶ. ಹಳೇ ಬಿಡುಗಡೆಗಳು ಸಾರ್ವಜನಿಕವಾಗಿ ಸಿಗುತ್ತವೆ, ಬೇಕಾದ್ದನ್ನು ಬೇರೆ ಫೋಲ್ಡರಿಗೆ ಹಾಕಿಕೊಂಡರಾಯಿತು.

ಯುದ್ಧ ವಿಮಾನಗಳ ಡಿಸಿಎಸ್ ವರ್ಲ್ಡ್‌ನಲ್ಲಿ ಅದರದೇ ಅಪ್‌ಡೇಟರ್‌ಗೆ ಕಮಾಂಡ್ ಸಾಲಿನಲ್ಲಿ ವರ್ಷನ್ ಸಂಖ್ಯೆ ಕೊಟ್ಟು ನಡೆಸುವ ಪದ್ಧತಿ ಇದೆ. ಆ ವರ್ಷನ್ ಸರ್ವರಿನಲ್ಲಿ ಇನ್ನೂ ಇದ್ದರೆ ಬೇಕಾದ ಫೈಲುಗಳನ್ನು ತರಿಸಿಕೊಳ್ಳುತ್ತದೆ. ಆದರೆ ಇಲ್ಲೊಂದು ಬೇರೆ ಕಟ್ಟು ಬೀಳುತ್ತದೆ. ಹಲವರು ಸೇರಿ ಆಡುವ ಸರ್ವರ್‌ಗೆ ಹೋಗಬೇಕಾದರೆ ನಿಮ್ಮ ವರ್ಷನ್ನೂ ಆ ಸರ್ವರಿನದೂ ಒಂದೇ ಇರಬೇಕು. ನೀವೊಬ್ಬರೇ ಹಿಂದಕ್ಕೆ ಹೋದರೆ ಜೊತೆಗಾರರು ಸಿಗುವುದಿಲ್ಲ. ನಾಗರಿಕ ವಿಮಾನಗಳಲ್ಲಿ ಹೀಗಿಲ್ಲ. ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಹಾರಿಸುವ, 2001ರಿಂದ ನಡೆಯುತ್ತಿರುವ ವ್ಯಾಟ್‌ಸಿಮ್ ಜಾಲಕ್ಕೆ ಸೇರುವುದು ಬೇರೆಯೇ ಒಂದು ಚಿಕ್ಕ ಕ್ಲೈಂಟ್ ಪ್ರೋಗ್ರಾಂ ಮೂಲಕ. ಅದು ನಿಮ್ಮ ಸಿಮ್ ಜೊತೆ ಮಾತಾಡಲು ಆದರೆ ಸಾಕು. ಪಕ್ಕದ ವಿಮಾನದವರು ಬೇರೆ ಸಿಮ್ಮನ್ನೇ ಬಳಸುತ್ತಿರಬಹುದು.

ಬಾಗಿಲು ಮುಚ್ಚಿರುವ ಕಡೆ

ಈಗ ಜಾಸ್ತಿ ಜನ ಬಳಸುವ, ಜಾಸ್ತಿ ಜನ ಇದೇ ಪ್ರಶ್ನೆ ಕೇಳುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಬರೋಣ. 2006ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಇದರ ಹಳೇ ತಲೆಮಾರು, ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಅಥವಾ ಎಫ್‌ಎಸ್‌ಎಕ್ಸ್, ಡಿಸ್ಕಿನಲ್ಲಿ ಬಂದಿತ್ತು. 2007ರಲ್ಲಿ ಅದಕ್ಕೆ ಎರಡು ಸರ್ವೀಸ್ ಪ್ಯಾಕ್‌ಗಳು ಬಂದವು. 2009ರ ಆರಂಭದಲ್ಲಿ ಅದನ್ನು ಮಾಡುತ್ತಿದ್ದ ಸ್ಟುಡಿಯೋ ಮುಚ್ಚಿತು. ಬೇಕಾದವರು ಸರ್ವೀಸ್ ಪ್ಯಾಕ್ ಹಾಕಿಕೊಂಡರು, ಬೇಡದವರು ಬಿಟ್ಟರು. ನಿಮ್ಮ ಡಿಸ್ಕಿನಲ್ಲಿದ್ದದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಬದಲಾಯಿಸುತ್ತಿರಲಿಲ್ಲ.

2020ರ ಆಗಸ್ಟ್ 18ರಂದು ಬಂದ ಹೊಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬುಡದಿಂದಲೇ ಬೇರೆ. ಭೂಮಿಯ ಚಿತ್ರಗಳು ಪೆಟಾಬೈಟ್ ಲೆಕ್ಕದಲ್ಲಿವೆ, ಯಾರ ಮನೆಯ ಡಿಸ್ಕಿಗೂ ಹಿಡಿಸುವುದಿಲ್ಲ. ಆದ್ದರಿಂದ ನೀವು ಹಾರುತ್ತಿರುವ ಜಾಗದ ತುಣುಕುಗಳು ಆಗಾಗಲೇ ಸರ್ವರಿಂದ ಬರುತ್ತವೆ. ಸರ್ವರ್ ಒಂದು ಕಡೆ, ನಿಮ್ಮ ಪ್ರೋಗ್ರಾಂ ಇನ್ನೊಂದು ಕಡೆ. ಇಬ್ಬರ ನಡುವಿನ ಮಾತುಕತೆಯ ರೀತಿ ಒಂದೇ ಇರಬೇಕು. ಲಕ್ಷಾಂತರ ಜನ ಹತ್ತಾರು ವರ್ಷನ್‌ಗಳಲ್ಲಿ ಇದ್ದರೆ ಸರ್ವರ್ ಅಷ್ಟೂ ರೀತಿಗಳನ್ನು ನೆನಪಿಟ್ಟುಕೊಂಡಿರಬೇಕಾಗುತ್ತದೆ. ಅದನ್ನು ತಪ್ಪಿಸಲು ಅಪ್‌ಡೇಟ್ ಕಡ್ಡಾಯ ಮಾಡಿದ್ದಾರೆ. ಸಿಮ್ ತೆರೆದಾಗ ಅಪ್‌ಡೇಟ್ ಇದೆ ಅಂತ ಬಂದರೆ ಹಾಕಿಕೊಳ್ಳಬೇಕು, ಇಲ್ಲವೇ ಮುಚ್ಚಬೇಕು. 2024ರ ನವೆಂಬರ್ 19ರಂದು ಬಂದ ಮುಂದಿನ ಸಿಮ್‌ನಲ್ಲಿ ಇದು ಇನ್ನೂ ಮುಂದೆ ಹೋಗಿದೆ. ವಿಮಾನಗಳೂ ಸೇರಿದಂತೆ ಬಹುಪಾಲು ಸರಕು ಬೇಕಾದಾಗ ಸರ್ವರಿಂದ ಇಳಿಯುತ್ತದೆ. ಡಿಸ್ಕಿನಲ್ಲಿ ಪೂರ್ತಿ ಸಿಮ್ ಇಲ್ಲವೆಂದ ಮೇಲೆ ಅದರ ಹಳೇ ಕಾಪಿ ಇಟ್ಟುಕೊಳ್ಳುವುದಾದರೂ ಹೇಗೆ?

ತಾಂತ್ರಿಕ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಇದರಲ್ಲಿ ಬಳಕೆದಾರನಿಗೆ ನ್ಯಾಯ ಸಿಗುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ. ದುಬಾರಿ ವಿಮಾನ ಕೊಂಡವರು, ಯೋಕ್ ಪೆಡಲ್ ಎಲ್ಲ ಜೋಡಿಸಿ ಕೋಣೆಯಲ್ಲೇ ಕಾಕ್‌ಪಿಟ್ ಕಟ್ಟಿಕೊಂಡವರು ಎಷ್ಟೋ ಜನ ಇದ್ದಾರೆ. ಅವರಿಗೆ ಕೊನೇ ಪಕ್ಷ ಹಿಂದಿನ ಒಂದು ಸ್ಥಿರ ವರ್ಷನ್‌ನಲ್ಲಿ ಒಂದೆರಡು ತಿಂಗಳು ಇರುವ ಅವಕಾಶವಾದರೂ ಇರಬೇಕು.

ಹಾಗಾದರೆ ಇಲ್ಲಿ ಏನು ಮಾಡಬಹುದು? ನೀವು ಬೀಟಾದಲ್ಲಿದ್ದರೆ ಹೊರಗೆ ಬರಬಹುದು. ಸ್ಟೀಮ್‌ನಲ್ಲಾದರೆ ಅದೇ ಬೀಟಾಸ್ ಪುಟದಿಂದ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಾದರೆ ಎಕ್ಸ್‌ಬಾಕ್ಸ್ ಇನ್‌ಸೈಡರ್ ಆ್ಯಪ್‌ನಿಂದ. ಹೊರಗೆ ಬಂದಮೇಲೆ ಕೆಲವೊಮ್ಮೆ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು, ಅದಕ್ಕೆ ಸಿದ್ಧರಿರಿ. ಬೀಟಾದಲ್ಲಿ ಇಲ್ಲದಿದ್ದರೆ ಸಿಮ್ ಮುಟ್ಟಲು ಆಗುವುದಿಲ್ಲ. ಆದರೆ ಅದರ ಸುತ್ತಲಿನ ಪದರಗಳು ನಿಮ್ಮ ಕೈಯಲ್ಲೇ ಇವೆ. ಕಮ್ಯೂನಿಟಿ ಫೋಲ್ಡರಿನ ಯಾವುದೇ ಆಡ್-ಆನ್‌ನ ಹಳೇ ಜಿಪ್ ಫೈಲ್ ನಿಮ್ಮಲ್ಲಿದ್ದರೆ ಅದನ್ನು ವಾಪಸ್ ಹಾಕಬಹುದು. ಫ್ಲೈಬೈವೈರ್ ತಂಡದ ಉಚಿತ ಏರ್‌ಬಸ್‌ಗೆ ಅವರದೇ ಇನ್‌ಸ್ಟಾಲರ್‌ನಲ್ಲಿ ಸ್ಥಿರ ಮತ್ತು ಅಭಿವೃದ್ಧಿ ವರ್ಷನ್‌ಗಳ ನಡುವೆ ಆರಿಸಿಕೊಳ್ಳುವ ಸೌಲಭ್ಯ ಇದೆ. ಸಿಮ್ ಒಳಗಿನ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಂಡದ್ದಕ್ಕೆ ಈ ಆಯ್ಕೆ ಇಲ್ಲ. ಅದಕ್ಕೇ ದೊಡ್ಡ ವಿಮಾನಗಳನ್ನು ತಯಾರಕರಿಂದಲೇ ನೇರವಾಗಿ ಕೊಳ್ಳುವುದು ಒಳ್ಳೆಯದು ಅಂತ ನಾನು ಹೇಳುವುದು. ಇನ್‌ಸ್ಟಾಲರ್ ಫೈಲ್ ನಿಮ್ಮ ಹತ್ತಿರ ಉಳಿಯುತ್ತದೆ.

2020 ಮತ್ತು 2024 ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು ಅನ್ನುವುದನ್ನೂ ನೆನಪಿಡಿ. ಹೊಸದರಲ್ಲಿ ತೊಂದರೆ ಇರುವಷ್ಟು ದಿನ ಹಳೆಯದರಲ್ಲಿ ಹಾರಿಸುವುದು ಎಷ್ಟೋ ಜನರಿಗೆ ನಿಜವಾದ ಪರಿಹಾರವಾಗಿದೆ.

ಇಂಟರ್‌ನೆಟ್ ಕಡಿದು, ಸ್ಟೋರ್ ಅಪ್‌ಡೇಟ್ ತಡೆದು ಹಳೇ ವರ್ಷನ್‌ನಲ್ಲೇ ಉಳಿಯುವ ಉಪಾಯಗಳು ಓಡಾಡುತ್ತಿರುತ್ತವೆ. ನೆಲದ ಚಿತ್ರ, ನಿಜ ಹವಾಮಾನ, ಬೇರೆ ವಿಮಾನಗಳು ಎಲ್ಲ ಬಿಟ್ಟು ಹಾರಿಸುವುದಾದರೆ ಆ ಸಿಮ್ ಯಾಕೆ ಬೇಕು? ಇನ್ನು ಯಾರೋ ಎಲ್ಲೋ ಹಾಕಿಟ್ಟ ಹಳೇ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಡಿ. ಅಡ್ಮಿನ್ ಅನುಮತಿ ಕೇಳುವ ಫೈಲಿನೊಳಗೆ ಏನಿದೆ ಅಂತ ನೋಡಲು ನಮ್ಮಿಂದಾಗುವುದಿಲ್ಲ.

ಯಾವುದನ್ನು ಎಸೆಯಬೇಕು, ಯಾವುದನ್ನು ತರಬೇಕು

ಹಳೇ ಪ್ರೋಗ್ರಾಂ ವಾಪಸ್ ಬಂತು ಅಂದುಕೊಳ್ಳೋಣ. ತೆರೆದರೆ ಇನ್ನೂ ಏನೋ ಎಡವಟ್ಟು. ಇದಕ್ಕೆ ಸಾಮಾನ್ಯ ಕಾರಣ, ಹೊಸ ವರ್ಷನ್ ಬಿಟ್ಟುಹೋದ ಫೈಲುಗಳು. ಇವುಗಳನ್ನು ಒಂದೇ ರೀತಿ ನೋಡಬಾರದು.

ಕ್ಯಾಷ್ ಅಂದರೆ ಸಿಮ್ ಮತ್ತೆ ಮಾಡಿಕೊಳ್ಳಬಲ್ಲ ಫೈಲುಗಳು. ಶೇಡರ್ ಕ್ಯಾಷ್, ಸರ್ವರಿಂದ ಬಂದ ನೆಲದ ಚಿತ್ರಗಳನ್ನು ಇಟ್ಟುಕೊಳ್ಳುವ ರೋಲಿಂಗ್ ಕ್ಯಾಷ್ ಇವೆಲ್ಲ ಈ ಗುಂಪು. ಶೇಡರ್ ಅನ್ನುವುದು ಬೆಳಕು, ನೆರಳು, ನೀರಿನ ಹೊಳಪನ್ನು ಗ್ರಾಫಿಕ್ಸ್ ಕಾರ್ಡ್ ಹೇಗೆ ಬಿಡಿಸಬೇಕು ಅಂತ ಹೇಳುವ ಚಿಕ್ಕ ಪ್ರೋಗ್ರಾಂ. ಅದನ್ನು ಪ್ರತಿ ಸಲ ತಯಾರಿಸುತ್ತಾ ಕೂರುವ ಬದಲು ಸಿಮ್ ಒಮ್ಮೆ ತಯಾರಿಸಿ ಡಿಸ್ಕಿನಲ್ಲಿ ಇಟ್ಟಿರುತ್ತದೆ. ವರ್ಷನ್ ಬದಲಾದರೆ ಇವು ಹೊಂದದೇ ಹೋಗಬಹುದು. ಚೌಕ ಚೌಕವಾಗಿ ಮಿನುಗುವ ನೆಲ, ಕಪ್ಪು ಮೋಡ ಕಂಡರೆ ಇದರ ಮೇಲೆಯೇ ಅನುಮಾನ ಪಡಿ. ಧೈರ್ಯವಾಗಿ ಅಳಿಸಿ. ಮೊದಲ ಸಲ ತೆರೆಯುವುದು ನಿಧಾನವಾಗುತ್ತದೆ, ಅಷ್ಟೇ.

ಸೆಟ್ಟಿಂಗು ಫೈಲುಗಳನ್ನು ಅಳಿಸಬಾರದು, ಬದಲಾಯಿಸಬೇಕು. ಹೊಸ ವರ್ಷನ್ ಒಮ್ಮೆ ತೆರೆದರೂ ಸಾಕು, ಅದು ಹಳೇ ಸೆಟ್ಟಿಂಗನ್ನು ಓದಿ ತನ್ನ ಹೊಸ ರೂಪದಲ್ಲಿ ಬರೆದಿಟ್ಟಿರುತ್ತದೆ. ಹಳೇ ವರ್ಷನ್‌ಗೆ ಆ ಹೊಸ ರೂಪ ಅರ್ಥವಾಗದೇ ಹೋಗಬಹುದು. ಅದಕ್ಕೆ ಅಪ್‌ಡೇಟ್‌ಗೆ ಮುಂಚಿನ ಸೆಟ್ಟಿಂಗು ಫೈಲನ್ನೇ ತಂದಿಡಬೇಕು. ಎಕ್ಸ್-ಪ್ಲೇನ್‌ನಲ್ಲಿ ಔಟ್‌ಪುಟ್ ಒಳಗಿನ ಪ್ರಿಫರೆನ್ಸಸ್ ಫೋಲ್ಡರ್ ಒಂದನ್ನು ಕಾಪಿ ಮಾಡಿಟ್ಟಿದ್ದರೆ ಸಾಕು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಕಂಟ್ರೋಲ್ ಪ್ರೊಫೈಲುಗಳು ಕ್ಲೌಡ್ ಜೊತೆಗೂ ಹೊಂದಿಕೊಳ್ಳುತ್ತವೆ, ಹಾಗಾಗಿ ಡಿಸ್ಕಿನಲ್ಲಿ ಬದಲಾಯಿಸಿದ್ದನ್ನು ಕ್ಲೌಡ್ ಮತ್ತೆ ಅಳಿಸಿ ಬರೆಯಬಹುದು. ಜಾಯ್‌ಸ್ಟಿಕ್ಕಿನ ಪ್ರತಿ ಬಟನ್ನಿನ ಹೊಂದಾಣಿಕೆಯನ್ನು ಸ್ಕ್ರೀನ್‌ಶಾಟ್ ತೆಗೆದಿಡುವುದು ಇಲ್ಲಿ ನಂಬಬಹುದಾದ ಬ್ಯಾಕಪ್.

ಆಡ್-ಆನ್‌ಗಳಲ್ಲಿ ಅಪ್‌ಡೇಟ್ ಆದಮೇಲೆ ಬದಲಾದವುಗಳನ್ನು ಮಾತ್ರ ಹಿಂದಕ್ಕೆ ಒಯ್ಯಿರಿ. ನ್ಯಾವಿಗೇಶನ್ ದತ್ತಾಂಶವನ್ನು ಸಾಮಾನ್ಯವಾಗಿ ಮುಟ್ಟಬೇಕಿಲ್ಲ. ಮಾರ್ಗಗಳು, ಬೀಕನ್‌ಗಳು, ಇಳಿಯುವ ವಿಧಾನಗಳ ಆ ಮಾಹಿತಿ, ವಿಮಾನಯಾನದಲ್ಲಿ ಎಲ್ಲೆಡೆ ಬಳಸುವ ಏರಾಕ್ ವೇಳಾಪಟ್ಟಿಯಂತೆ, 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಅದಕ್ಕೂ ಸಿಮ್ ವರ್ಷನ್‌ಗೂ ಬೇರೆ ಬೇರೆ ಗಡಿಯಾರ. ಹಳೇ ಸಿಮ್‌ನಲ್ಲಿ ಈ ತಿಂಗಳ ಮಾಹಿತಿ ಹಾಕಿ ಹಾರಿಸಿದರೆ ಸಾಧಾರಣವಾಗಿ ಏನೂ ಆಗುವುದಿಲ್ಲ.

ಅಪ್‌ಡೇಟ್‌ಗೆ ಮುಂಚಿನ ಅರ್ಧ ಗಂಟೆ

ಪೈಲಟ್‌ಗಳಿಗೆ ತರಬೇತಿ ಕೊಡುವ, ಅತ್ಯುನ್ನತ ದರ್ಜೆಯ ಲೆವೆಲ್ ಡಿ ಸಿಮ್ಯುಲೇಟರ್‌ಗಳಲ್ಲಿ ತಂತ್ರಾಂಶವನ್ನು ಹೀಗೆ ಮನಸ್ಸಿಗೆ ಬಂದಾಗ ಬದಲಾಯಿಸುವಂತಿಲ್ಲ. ಪ್ರತಿ ಯಂತ್ರಕ್ಕೂ ಕ್ವಾಲಿಫಿಕೇಶನ್ ಟೆಸ್ಟ್ ಗೈಡ್ ಅನ್ನುವ ದಪ್ಪ ದಾಖಲೆ ಇರುತ್ತದೆ. ಇಷ್ಟು ತೂಕ, ಇಷ್ಟು ವೇಗ, ಈ ಹವಾಮಾನದಲ್ಲಿ ಹೀಗೆ ಮಾಡಿದರೆ ನಿಜವಾದ ವಿಮಾನ ಹೇಗೆ ನಡೆದುಕೊಂಡಿತು, ಸಿಮ್ ಹೇಗೆ ನಡೆದುಕೊಂಡಿತು ಅಂತ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ಪರೀಕ್ಷೆಗಳು ಅದರಲ್ಲಿವೆ. ಅಮೆರಿಕದಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಪಾರ್ಟ್ 60 ನಿಯಮ ಇದನ್ನು ನೋಡಿಕೊಳ್ಳುತ್ತದೆ. ಆ ಪರೀಕ್ಷೆಗಳನ್ನು ಆಗಾಗ ಮತ್ತೆ ನಡೆಸಿ, ಯಂತ್ರ ಮೊದಲಿನ ಹಾಗೇ ಇದೆ ಅಂತ ತೋರಿಸಬೇಕು.

ಈ ಶಿಸ್ತಿನ ಚಿಕ್ಕ ರೂಪವನ್ನು ನಾವೂ ಮಾಡಬಹುದು. ಒಂದು ವಿಮಾನ, ಒಂದು ನಿಲ್ದಾಣ, ಒಂದೇ ಸಮಯ, ನೀವೇ ಕೈಯಾರೆ ಹಾಕಿದ ಹವಾಮಾನ, ಅಷ್ಟೇ ಇಂಧನ. ಇದನ್ನು ಒಂದು ಫ್ಲೈಟ್ ಫೈಲಾಗಿ ಸೇವ್ ಮಾಡಿಡಿ. ನೇರ ಹವಾಮಾನ ಇಟ್ಟರೆ ಹೋಲಿಕೆ ಕೆಟ್ಟುಹೋಗುತ್ತದೆ. ಗೇಟ್‌ನಲ್ಲಿ ನಿಂತಾಗ ಸೆಕೆಂಡಿಗೆ ಎಷ್ಟು ಫ್ರೇಮ್, ಟೇಕಾಫ್‌ಗೆ ಎಷ್ಟು ರನ್‌ವೇ ಬೇಕಾಯಿತು, 10,000 ಅಡಿ ಏರಲು ಎಷ್ಟು ಹೊತ್ತು ಹಿಡಿಯಿತು, ಆಟೋಪೈಲಟ್ ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಂಕೇತ) ಹಿಡಿದು ಸರಿಯಾಗಿ ಇಳಿಯಿತಾ ಅಂತ ಬರೆದಿಡಿ. ಅಪ್‌ಡೇಟ್ ಆದಮೇಲೆ ಅದನ್ನೇ ಮತ್ತೆ ಹಾರಿಸಿ. ಯಾವುದು ಬದಲಾಗಿದೆ ಅಂತ ಆಗ ಊಹಿಸಬೇಕಾಗಿಲ್ಲ, ಕಾಗದದ ಮೇಲೇ ಇರುತ್ತದೆ.

ಅದರ ಜೊತೆಗೆ ಸಿಮ್, ಡ್ರೈವರ್, ಮುಖ್ಯ ಆಡ್-ಆನ್‌ಗಳ ಆಗಿನ ವರ್ಷನ್ ಸಂಖ್ಯೆಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಇಳಿಸಿಕೊಂಡ ಇನ್‌ಸ್ಟಾಲರ್‌ಗಳನ್ನು ಅಳಿಸಬೇಡಿ, ಹೆಸರಿನಲ್ಲೇ ವರ್ಷನ್ ಸಂಖ್ಯೆ ಸೇರಿಸಿ ಒಂದು ಡಿಸ್ಕಿನಲ್ಲಿ ಇಡಿ. ತಯಾರಕರು ಹಳೆಯದನ್ನು ತೆಗೆದುಹಾಕಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಸ್ಟೀಮ್‌ನಲ್ಲಿ, ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಅನ್ನುವ ಆಯ್ಕೆ ಇಟ್ಟುಕೊಳ್ಳಿ. ಹಾಗಿದ್ದರೆ ತೆರೆಯುವ ಮೊದಲು ಫೋಲ್ಡರ್ ಕಾಪಿ ಮಾಡಿಕೊಳ್ಳಲು ಸಮಯ ಸಿಗುತ್ತದೆ. ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕದೆ, ನೀವು ಜಾಸ್ತಿ ಹಾರಿಸುವ ವಿಮಾನದ ತಯಾರಕರು ಸರಿಹೊಂದುತ್ತದೆ ಅನ್ನುವವರೆಗೆ ತಡೆಯಿರಿ. ಕಡ್ಡಾಯ ಅಪ್‌ಡೇಟಿನ ಸಿಮ್‌ಗಳಲ್ಲಿ ಇದು ಸಾಧ್ಯವಾಗದಿದ್ದರೂ ಬೇರೆಡೆ ಸಾಧ್ಯ.

ಹಿಂದಕ್ಕೆ ಹೋದಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ತೊಂದರೆಯನ್ನು ಲಾಗ್ ಫೈಲಿನ ಸಮೇತ ತಯಾರಕರಿಗೆ ತಿಳಿಸಿ. ಯಾವ ವರ್ಷನ್‌ನಲ್ಲಿ ಸರಿ ಇತ್ತು, ಯಾವುದರಲ್ಲಿ ಕೆಟ್ಟಿತು ಅಂತ ಎರಡೂ ಸಂಖ್ಯೆ ಬರೆದರೆ ಅವರು ಹುಡುಕಬೇಕಾದ ಜಾಗ ಬಹಳ ಚಿಕ್ಕದಾಗುತ್ತದೆ. ಮುಂದಿನ ಅಪ್‌ಡೇಟಿನ ಬದಲಾವಣೆಗಳ ಪಟ್ಟಿಯಲ್ಲಿ ನಿಮ್ಮ ತೊಂದರೆಯ ಹೆಸರು ಕಂಡಾಗ ಹಳೇ ಕಾಪಿಯನ್ನು ಹಾಗೇ ಇಟ್ಟು, ಇನ್ನೊಂದು ಕಾಪಿಯ ಮೇಲೆ ಅಪ್‌ಡೇಟ್ ಹಾಕಿ ಅದೇ ಪರೀಕ್ಷಾ ಹಾರಾಟ ಮಾಡಿ. ಅದು ಸರಿ ಬಂದು, ಒಂದು ಉದ್ದದ ಹಾರಾಟವೂ ಪೂರ್ತಿ ಮುಗಿದಮೇಲೆ ಹಳೆಯದನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಬಹುದು.